ಗಂಡಸರು ಎದ್ದುಹೋದ ಸಭೆ

ನಾನು ಚಾದರ ಒಗೆಯುವವಳು. ನಮ್ಮ ದ್ವೀಪದೇಶದ ರಾಜಧಾನಿ ಮಜುರೊದ ಒಂದು ಅತಿಥಿಗೃಹದ ಹಿತ್ತಲಲ್ಲಿ ನನ್ನ ತೊಟ್ಟಿ ಇದೆ. ಒಗೆಯುವ ಯಂತ್ರವೂ ಇದೆ. ಅದು ನಡೆಯುವ ದಿನಕ್ಕಿಂತ ಕೆಟ್ಟು ಕೂತ ದಿನವೇ ಹೆಚ್ಚು. ಕೆಟ್ಟಾಗ ತೊಟ್ಟಿಗಿಳಿದು ಕಾಲಿನಿಂದ ತುಳಿಯುತ್ತೇನೆ. ಮೊಣಕಾಲು ಊದಿವೆ. ಹಿಂಡುವಾಗ ಮಣಿಕಟ್ಟು ಕಳಕ್ ಎನ್ನುತ್ತದೆ. ಮೀನಿನ ವ್ಯಾಪಾರಕ್ಕೆ ಬಂದವರ ಚಾದರವೂ ಕೊಳೆಯಾಗುತ್ತದೆ, ಶಾಂತಿಯ ಕೆಲಸಕ್ಕೆ ಬಂದವರ ಚಾದರವೂ ಕೊಳೆಯಾಗುತ್ತದೆ. ಒಗೆಯುವವಳಿಗೆ ಎರಡೂ ಒಂದೇ.

ಶಾಂತಿಯವರು ಬರುವುದು ಫೆಬ್ರವರಿ ಕೊನೆಗೆ. ಮಾರ್ಚ್ ಒಂದು ನಮ್ಮ ಬಾಂಬಿನ ದಿನ. ಅಮೆರಿಕದವರು ತಮ್ಮ ಎಲ್ಲಕ್ಕಿಂತ ದೊಡ್ಡ ಬಾಂಬನ್ನು ನಮ್ಮ ಉತ್ತರದ ದ್ವೀಪಗಳ ಪಕ್ಕದಲ್ಲಿ ಸಿಡಿಸಿದ ದಿನ ಅದು. ಬೂದಿ ಬಿದ್ದದ್ದು ನಮ್ಮ ಮೇಲೆ. ನಾನಾಗ ಮೊಲೆ ಚೀಪುವ ಕೂಸು. ಅವರೇ ಬಂದು ನಮ್ಮನ್ನೆಲ್ಲ ಊರಿನಿಂದ ಎತ್ತಿಕೊಂಡು ಹೋದರು. ಮೂರು ವರ್ಷ ಕಳೆದ ಮೇಲೆ ‘ಈಗ ಚೊಕ್ಕಟವಾಗಿದೆ’ ಎಂದು ಅದೇ ನೆಲಕ್ಕೆ ವಾಪಸು ತಂದು ಬಿಟ್ಟರು. ಅಲ್ಲಿನ ಏಡಿ ತಿಂದೆವು, ಅಲ್ಲಿನ ಎಳನೀರು ಕುಡಿದೆವು, ಅಲ್ಲೇ ಬಸಿರಾದೆವು. ಹುಟ್ಟಿದ್ದನ್ನು ನೋಡಿ ನೋಡಿ ಸಾಕಾಗಿ ನಾವೇ ಊರು ಬಿಟ್ಟು ಬಂದೆವು. ಈಗ ಇಲ್ಲಿ ಬೇರೆಯವರ ನೆಲದ ಮೇಲೆ ತಗಡಿನ ಮನೆ.

ಪ್ರತಿ ಸಲ ಹೊಸ ಸಂಸ್ಥೆ, ಹೊಸ ಹೆಸರು, ಹೊಸ ಅಂಗಿ. ಎದೆಯ ಮೇಲೆ ಶಾಂತಿ ಎಂದು ಅಚ್ಚು ಹಾಕಿಸಿದ ಅಂಗಿ. ಹರಿದ ಮೇಲೆ ಅದರಲ್ಲಿ ನೆಲ ಒರೆಸುತ್ತೇವೆ. ನಮ್ಮ ಮನೆಯಲ್ಲಿ ಒಲೆಯ ಮಸಿಬಟ್ಟೆಯ ಮೇಲೂ ಶಾಂತಿ.

ಈ ಸಲದ್ದಕ್ಕೆ ‘ಸಮುದಾಯ ಸಹಭಾಗಿತ್ವ’ ಎಂದು ಹೆಸರು. ಒಂದು ಚರ್ಚು, ಒಂದು ಶಾಲೆ, ಚಾಪೆ ಹೆಣೆಯುವ ನಮ್ಮ ಹೆಂಗಸರ ಗುಂಪು, ಹೊರದೇಶದ ಒಂದು ಶಾಂತಿ ಸಂಸ್ಥೆ, ನಾಲ್ಕೂ ಸೇರಿ ಹುಡುಗ ಹುಡುಗಿಯರನ್ನು ಮಾತಾಡಲು ತಯಾರು ಮಾಡುವುದು. ಅವರಲ್ಲಿ ಒಬ್ಬರು ನ್ಯೂಯಾರ್ಕಿನ ದೊಡ್ಡ ಸಭೆಗೆ ಹೋಗಿ, ಇನ್ನು ಅಣುಬಾಂಬು ಸಾಕು ಎಂದು ಎಲ್ಲ ದೇಶಗಳ ಎದುರು ಹೇಳಬೇಕು. ಆರಿಸಿದ್ದು ನನ್ನ ಮೊಮ್ಮಗಳು ರೊಸಾನಿಯಾಳನ್ನು. ಹತ್ತೊಂಬತ್ತರ ಹುಡುಗಿ. ತಾಯಿಯಿಲ್ಲದ ಅವಳನ್ನೂ ಅವಳಣ್ಣ ಜಿಬಾನನ್ನೂ ಸಾಕಿದವಳು ನಾನು. ಅವಳ ಇಂಗ್ಲಿಷು ಚೂಪು, ನಾಲಿಗೆ ಅದಕ್ಕಿಂತ ಚೂಪು. ಸುದ್ದಿ ಬಂದ ದಿನ ಅವಳು ತೊಟ್ಟಿಯ ಕಟ್ಟೆಗೆ ಬಂದು ಕೂತಳು.

“ಬೂಬು, ನಾನು ಹೋದ್ರೆ ಸುಮ್ನೆ ಅತ್ತು ಬರಲ್ಲ” ಅಂದಳು. ಬೂಬು ಅಂದರೆ ಅಜ್ಜಿ. “ಅವರ ಹೆಸರು ಹಿಡಿದು ಕೇಳ್ತೀನಿ. ಯಾರು ಹಾಕಿದ್ರು, ಯಾರು ವಾಪಸು ಬಿಟ್ರು, ಈಗ ಯಾರ ಹತ್ರ ಎಷ್ಟಿದೆ.”

“ಕೇಳು. ಆದ್ರೆ ಅಲ್ಲಿ ಛಳಿಯಂತೆ. ಮೊದಲು ಒಂದು ಜೊತೆ ಚಡ್ಡಿ ಹೆಚ್ಚಿಗೆ ತಗೊಂಡು ಹೋಗು.”

ಅವಳು ನಕ್ಕಳು. ಆ ಮುಖವನ್ನು ನಾನು ಅಷ್ಟು ಬೆಳಕಾಗಿ ಕಂಡಿರಲಿಲ್ಲ.

ಸಂಸ್ಥೆಯ ಕಡೆಯಿಂದ ಬಂದವಳು ಬ್ರೆಂಡಾ. ಒಳ್ಳೆಯವಳೇ. ನಮ್ಮ ಭಾಷೆ ಅಷ್ಟಿಷ್ಟು ಕಲಿತಿದ್ದಳು. ಕಂಡಲ್ಲೆಲ್ಲ ಅಪ್ಪಿಕೊಳ್ಳುತ್ತಿದ್ದಳು, ಒದ್ದೆ ಬಟ್ಟೆಯಲ್ಲಿದ್ದರೂ ಬಿಡುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ. ಮಾರ್ಚ್ ಒಂದರಂದು ಚರ್ಚಿನ ಹಜಾರದಲ್ಲಿ ರೊಸಾನಿಯಾ ಎಲ್ಲರೆದುರು ನನ್ನ ಕೂಸಿನ ಕಥೆ ಹೇಳಬೇಕು. ಅದರ ಚಿತ್ರ ತೆಗೆಯಬೇಕು. ಹಣ ಕೊಡುವವರು ಅದನ್ನು ನೋಡಿದ ಮೇಲೆಯೇ ನ್ಯೂಯಾರ್ಕಿನ ಟಿಕೆಟ್ಟು.

ನನ್ನ ಕೂಸು. ಊರಲ್ಲಿ ಹೆತ್ತೆ. ಎಲುಬಿರಲಿಲ್ಲ. ಚರ್ಮದ ಒಳಗೆ ಎಲ್ಲ ಕಾಣುತ್ತಿತ್ತು. ಒಂದು ಹಗಲು ಉಸಿರಾಡಿತು. ಇಷ್ಟೇ. ಇದನ್ನು ಇಲ್ಲಿ ಹೇಳಬಲ್ಲೆ, ಕೇಳುತ್ತಿರುವ ನಿಮ್ಮಲ್ಲಿ ನನ್ನ ಅಣ್ಣತಮ್ಮಂದಿರಿಲ್ಲ.

ಅದು ನಮ್ಮಲ್ಲಿ ಆಗದ ಮಾತು. ಬಸಿರು, ಹೆರಿಗೆ, ಮುಟ್ಟು ಇವನ್ನು ಹೆಣ್ಣು ತನ್ನ ಅಣ್ಣತಮ್ಮಂದಿರ ಕಿವಿಗೆ ಬೀಳುವಂತೆ ಆಡುವುದಿಲ್ಲ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೂ ಅಣ್ಣತಮ್ಮಂದಿರೇ. ಒಂದು ವೇಳೆ ಆಡಬೇಕಾಗಿ ಬಂದರೆ ಅವನು ಎದ್ದು ಹೋಗಬೇಕು. ಎದ್ದು ಹೋಗುವುದೇ ಅವನು ಅವಳಿಗೆ ಕೊಡುವ ಮರ್ಯಾದೆ. ಕೂತು ಕೇಳಿದವನು ಅಣ್ಣನೇ ಅಲ್ಲ.

ಈ ಮರ್ಯಾದೆಯನ್ನು ನನ್ನಿಂದ ಒಮ್ಮೆ ಕಿತ್ತುಕೊಂಡಿದ್ದಾರೆ. ಕೂಸು ಸತ್ತ ವರ್ಷ ಡಾಕ್ಟರರ ಹಡಗು ಬಂತು. ವರ್ಷಕ್ಕೊಮ್ಮೆ ಬರುತ್ತಿತ್ತು. ಬಟ್ಟೆ ಬಿಚ್ಚಿಸಿದರು. ಎದೆಯ ಮುಂದೆ ನಂಬರಿನ ಹಲಗೆ ಹಿಡಿಸಿ ಫೋಟೋ ತೆಗೆದರು. ಇಂಗ್ಲಿಷು ಬಲ್ಲವನು ನಮ್ಮೂರಲ್ಲಿ ಒಬ್ಬನೇ, ನನ್ನ ಅಣ್ಣ ಕಿಯೋತಕ್. ಅವನನ್ನು ಪರದೆಯ ಈಚೆ ತಂದು ನಿಲ್ಲಿಸಿದರು. ‘ಇವಳ ಹೊಟ್ಟೆಯಿಂದ ಏನು ಬಂತು ಕೇಳು’ ಅಂದರು. ಅವನು ಗೋಡೆ ನೋಡುತ್ತ ನಿಂತ. ಕೇಳು ಅಂದರು. ಅವನು ಕೇಳಿದ. ನಾನು ಹೇಳಿದೆ. ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಡಾಕ್ಟರು ಬರೆದುಕೊಂಡು, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಅಂದ. ಆಮೇಲೆ ಕಿಯೋತಕ್ ಆ ಹಡಗಿಗೆ ಕಾಲಿಡಲಿಲ್ಲ. ನನ್ನ ಮನೆಗೂ ಇಡಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ ಮೀನು ಕೈಗಿಟ್ಟು ಹೋಗುತ್ತಾನೆ, ಮುಖ ನೋಡುವುದಿಲ್ಲ.

ರೊಸಾನಿಯಾಗೆ ಇದೆಲ್ಲ ಗೊತ್ತು. “ನೀನು ಬೇಡ ಅಂದ್ರೆ ಬೇಡ ಬೂಬು” ಅಂದಳು.

“ಬೇಡ ಅಂದ್ರೆ ನಿನ್ನ ಟಿಕೆಟ್ಟು?”

ಅವಳು ಒದ್ದೆ ಚಾದರದ ಒಂದು ತುದಿ ಹಿಡಿದು ಹಿಂಡತೊಡಗಿದಳು.

ನಾವು ಮುದುಕಿಯರು ಚಾಪೆ ಹೆಣೆಯುವಲ್ಲಿ ಕೂತು ದಾರಿ ಹುಡುಕಿದೆವು. ಕೇದಗೆ ಗರಿ ಸೀಳುತ್ತ ಮಾತಾಡಿದರೆ ನಮಗೆ ಬುದ್ಧಿ ಓಡುತ್ತದೆ. ಗಂಡಸರು ಬಾಗಿಲ ಕಡೆ ಕೂರಲಿ. ಹುಡುಗಿ ಬೂದಿಯ ಕಥೆ ಹೇಳಲಿ, ಹಡಗಿನ ಕಥೆ ಹೇಳಲಿ, ಅದು ಎಲ್ಲರೂ ಕೇಳುವಂಥದ್ದೇ. ಕೂಸಿನ ಮಾತು ಬರುವ ಮೊದಲು ನಾನು ಎದ್ದು ನಿಲ್ಲುತ್ತೇನೆ. ಅವರು ಹೊರಗೆ ಹೋಗಲಿ. ಹೆಂಗಸರು ಕೇಳಲಿ. ನನ್ನ ಅತ್ತಿಗೆ ಕಿಯೋತಕ್‌ಗೆ ತಿಳಿಸಿದಳು. ಅವನು ಉಳಿದವರಿಗೆ ತಿಳಿಸಿದ. ಬಂದರಿನಲ್ಲಿ ಮೂಟೆ ಇಳಿಸುವ ಜಿಬಾ, ‘ಹೊರಗೆ ಮೀನಿನ ಒಲೆ ಇರುತ್ತಲ್ಲ, ನಮಗೇನು ನಷ್ಟ’ ಎಂದು ಹೇಳಿ ಕಳಿಸಿದ.

ಬ್ರೆಂಡಾಗೆ ಮಾತ್ರ ಯಾರೂ ಹೇಳಲಿಲ್ಲ. ಹೇಗೆ ಹೇಳುವುದು? ಅವಳ ಜೊತೆ ಯಾವಾಗಲೂ ಕ್ಯಾಮೆರಾದ ಗಂಡಸು, ಗಾಡಿ ಓಡಿಸುವ ಗಂಡಸು. ಗಾಡಿಯವನು ನನಗೆ ಚಿಕ್ಕಪ್ಪನ ಮಗ. ‘ಗಂಡಸರು ಯಾಕೆ ಏಳುತ್ತಾರೆ ಅಂದರೆ’ ಎಂದು ಬಾಯಿ ತೆರೆದರೆ ಆ ಮಾತನ್ನೇ ಆಡಿದ ಹಾಗಾಯಿತು. ಪಾಸ್ಟರ್ ಎನೋಸ್‌ಗೆ ತಿಳಿದಿತ್ತು. ಅವನಾದರೂ ಹೇಳುತ್ತಾನೆ ಅಂದುಕೊಂಡೆವು. ಅವನು ನಾವು ಹೇಳುತ್ತೇವೆ ಅಂದುಕೊಂಡನಂತೆ. ದೇವರ ಮನುಷ್ಯ.

ಆ ದಿನ ಬೆಳಗಿನಿಂದ ಅನ್ನ ಬೇಯಿಸಿದೆವು, ಜೀಗುಜ್ಜೆ ಕಾಯಿ ಸುಟ್ಟೆವು. ಹೊಗೆ ಕುಡಿದು ಕಣ್ಣು ಉರಿಯುತ್ತಿತ್ತು. ಹಜಾರ ತುಂಬಿತ್ತು. ಮುಂದಿನ ಸಾಲಿನಲ್ಲಿ ಹಣ ಕೊಡುವ ಕಡೆಯ ದೊಡ್ಡ ಮನುಷ್ಯ, ವಿಲ್ಮರ್ ಎಂದು ಹೆಸರು, ಕೊರಳಿಗೆ ನಾವು ಹಾಕಿದ ಹೂವಿನ ಹಾರ. ಬ್ರೆಂಡಾ ‘ಸಹಭಾಗಿತ್ವ’ದ ಬಗ್ಗೆ ಮಾತಾಡಿದಳು. ಪಾಸ್ಟರ್ ಮಾತಾಡಿದ. ಶಾಲೆಯವರು ಮಾತಾಡಿದರು. ಹೆಂಗಸರ ಗುಂಪು ಮಾತಾಡಲಿಲ್ಲ, ನಮ್ಮ ಸರದಿ ಒಲೆಯ ಹತ್ತಿರ.

ಆಮೇಲೆ ರೊಸಾನಿಯಾ ಎದ್ದಳು. ಕೈಯಲ್ಲಿ ಕಾಗದ ಇರಲಿಲ್ಲ. ಒಂದು ಸಾಲು ನಮ್ಮ ಭಾಷೆ, ಒಂದು ಸಾಲು ಇಂಗ್ಲಿಷು. ಬೂದಿಯನ್ನು ಹುಡುಗರು ಆಟಕ್ಕೆ ಮೈಗೆ ಬಳಿದುಕೊಂಡದ್ದು ಹೇಳಿದಳು. ಕೂದಲು ಉದುರಿದ್ದು ಹೇಳಿದಳು. ‘ಚೊಕ್ಕಟವಾಗಿದೆ ಅಂತ ವಾಪಸು ಬಿಟ್ಟರು’ ಅಂದಳು. ನಾನು ಎದ್ದು ನಿಂತೆ.

ಮೊದಲು ಎದ್ದವನು ಕಿಯೋತಕ್. ಎಂಬತ್ತು ದಾಟಿದ ಮುದುಕ, ಕೋಲು ಹಿಡಿದು ಎದ್ದ. ಹಿಂದೆ ಜಿಬಾ ಎದ್ದ, ಅವನ ಹಿಂದೆ ಉಳಿದವರೆಲ್ಲ. ಕೂತವರ ಮುಂದೆ ಹಾಯುವಾಗ ಬಗ್ಗಿ ಹೋಗುವುದು ನಮ್ಮ ರೂಢಿ. ಬಗ್ಗಿಕೊಂಡು, ಸದ್ದಿಲ್ಲದೆ, ಒಬ್ಬರ ಹಿಂದೊಬ್ಬರು ಹೊರಟುಹೋದರು. ಹಜಾರ ಅರ್ಧ ಖಾಲಿಯಾಯಿತು. ನನ್ನ ಅಣ್ಣ ನಲವತ್ತು ವರ್ಷದ ಹಿಂದೆ ಎದ್ದು ಹೋಗಬೇಕಿತ್ತು. ಅವತ್ತು ಬಿಡದವರು ಯಾರೂ ಇವತ್ತು ಬಾಗಿಲಲ್ಲಿ ನಿಂತಿರಲಿಲ್ಲ.

ಉಳಿದವರು ನಾವು ಹೆಂಗಸರು, ಪಾಸ್ಟರ್ ಮತ್ತು ಹೊರಗಿನವರು. ರೊಸಾನಿಯಾ ಕೂಸಿನ ಮಾತು ಹೇಳಿದಳು. ಮೆಲ್ಲಗೆ ಹೇಳಿದಳು. ಬಾಯಿ ಬಿಡದ ಹೆಂಗಸರು ಬಾಯಿಬಿಟ್ಟು ಅತ್ತರು. ನನ್ನ ಪಕ್ಕದವಳು ‘ನನಗೂ ಎರಡು’ ಅಂದಳು. ಇಪ್ಪತ್ತು ವರ್ಷ ಜೊತೆಗೆ ಕೂತು ಚಾಪೆ ಹೆಣೆದವಳು, ಅದುವರೆಗೂ ಹೇಳಿರಲಿಲ್ಲ.

ಹೆಂಗಸರಲ್ಲಿ ಕೇಳದೆ ಹೋದವಳು ಬ್ರೆಂಡಾ ಒಬ್ಬಳೇ. ಗಂಡಸರು ಎದ್ದ ಕೂಡಲೇ ಅವರ ಹಿಂದೆ ಓಡಿದ್ದಳು. ಕ್ಯಾಮೆರಾವನ್ನು ನಿಂತಲ್ಲೇ ಓಡಲು ಬಿಟ್ಟು, ಕ್ಯಾಮೆರಾದವನನ್ನೂ ಎಳೆದುಕೊಂಡು ಹೋಗಿದ್ದಳು. ‘ಯಾಕೆ, ಏನಾಯ್ತು, ನಮ್ಮಿಂದ ತಪ್ಪಾಯ್ತಾ’ ಎಂದು ಒಬ್ಬೊಬ್ಬನನ್ನೂ ಕೇಳಿದಳಂತೆ. ಅವರು ನೆಲ ನೋಡಿದರಂತೆ. ಇನ್ನೇನು ಮಾಡಿಯಾರು. ಒಳಗೆ ವಿಲ್ಮರ್ ಪಾಸ್ಟರನ ಕಿವಿಯಲ್ಲಿ ಏನೋ ಕೇಳಿದ. ಪಾಸ್ಟರ್ ಹಲ್ಲು ಕಿರಿದು, “ಊಟ ಇಳಿಸೋಕೆ ಹೋಗಿದ್ದಾರೆ ಸಾರ್, ಈಗ ಬರ್ತಾರೆ” ಅಂದ.

ಬ್ರೆಂಡಾ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು. ವಿಲ್ಮರ್ ಜೊತೆ ಏನೋ ಪಿಸುಗುಟ್ಟಿ, ರೊಸಾನಿಯಾಳನ್ನು ಮೂಲೆಗೆ ಕರೆದಳು. ನಾನೂ ಹೋದೆ.

“ಗಂಡಸರು ಧಿಕ್ಕಾರ ತೋರಿಸಿ ಹೊರಟುಹೋದ್ರು ಅಂತ ವಿಲ್ಮರ್ ಅಂದ್ಕೊಂಡಿದ್ದಾರೆ” ಅಂದಳು. “ಸಮುದಾಯವೇ ನಿನ್ನ ಜೊತೆ ಇಲ್ಲ ಅಂದ್ರೆ ಹೇಗೆ ಕಳಿಸೋದು ಅಂತಾರೆ.”

“ಜೊತೆ ಇರೋದಕ್ಕೇ ಅವರು ಎದ್ದು ಹೋದದ್ದು” ಅಂದಳು ರೊಸಾನಿಯಾ. ನಮ್ಮ ರೂಢಿಯನ್ನು ಬಿಡಿಸಿ ಹೇಳಿದಳು. ಪಾಪ, ಅವಳ ಮುಖ ಕೆಂಪಾಗಿತ್ತು, ಕ್ಯಾಮೆರಾದವನು ಅಲ್ಲೇ ನಿಂತಿದ್ದ.

ಬ್ರೆಂಡಾ ಪೂರ್ತಿ ಕೇಳಿದಳು. ತಲೆ ಆಡಿಸಿದಳು. ಅವಳಿಗೆ ಅರ್ಥವಾಯಿತು ಅಂದುಕೊಂಡೆ.

“ಎಷ್ಟು ಚಂದ” ಅಂದಳು. “ಆದ್ರೆ ನೋಡು, ಕ್ಯಾಮೆರಾದಲ್ಲಿ ಬಂದಿರೋದು ಖಾಲಿ ಬೆಂಚು. ಅದನ್ನ ನೋಡಿದವರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ? ಗಂಡಸರನ್ನ ವಾಪಸು ಕರೆಸೋಣ. ಕೂತಿರಲಿ. ನೀನು ಆ ಭಾಗ ಮಾತ್ರ ಇನ್ನೊಮ್ಮೆ ಹೇಳಿಬಿಡು.”

ಇನ್ನೊಮ್ಮೆ. ಆ ಡಾಕ್ಟರನ ದನಿ ಒರಟು. ಇವಳದು ಜೇನು. ಮಾತು ಒಂದೇ.

ಪಾಸ್ಟರ್ ಹೊರಗೆ ಹೋಗಿ ಗಂಡಸರನ್ನು ಹೊಂದಿಸಿದ. “ಬರೀ ಕ್ಯಾಮೆರಾಕ್ಕೆ ಕಣ್ರಪ್ಪ. ಕೂತಿರಿ ಸಾಕು. ಬೇಕಾದ್ರೆ ಕಿವಿಗೆ ಹತ್ತಿ ಇಟ್ಕೊಳ್ಳಿ.”

“ಹತ್ತಿ ನಿಮ್ಮ ಹತ್ರ ಎಷ್ಟಿದೆ ಪಾಸ್ಟರೇ?” ಅಂದ ಜಿಬಾ. “ಇಷ್ಟು ವರ್ಷ ನೀವೇ ಇಟ್ಕೊಂಡಿದ್ದೀರಲ್ಲ.”

“ನಿನ್ನ ತಂಗಿ ಟಿಕೆಟ್ಟು ಹೋಗುತ್ತೆ. ಕೊಬ್ಬು ಆಮೇಲೆ ತೋರಿಸು.”

ತಂಗಿಯ ಹೆಸರು ಹೇಳಿದ್ದಕ್ಕೆ ಜಿಬಾ ಸುಮ್ಮನೆ ಒಳಗೆ ಬಂದ. ಉಳಿದವರೂ ಬಂದರು. ಕಿಯೋತಕ್ ಬಂದು ಕೂತ. ಅವನ ಕಣ್ಣು ಗೋಡೆಯ ಮೇಲಿತ್ತು. ಅವತ್ತು ಹಡಗಿನಲ್ಲೂ ಹೀಗೇ ಗೋಡೆ ನೋಡಿದ್ದ.

ನನಗೆ ಸುಸ್ತಾಗಿತ್ತು. ನಿಜ ಹೇಳುತ್ತೇನೆ. ನಾನು ರೊಸಾನಿಯಾಳ ಕೈ ಹಿಡಿದು, “ಹೇಳಿಬಿಡು ಮಗಾ” ಅಂದೆ. “ನಂದೇನು, ಎಲ್ಲ ಬಿಚ್ಚಿ ನೋಡಿ ಆಗಿದೆ. ನೀನಾದ್ರೂ ಹೋಗಿ ಬಾ.”

ಅವಳು ನನ್ನ ಕೈ ಬಿಡಿಸಿಕೊಂಡಳು. ಮುಂದೆ ಹೋಗಿ ನಿಂತಳು. ಕ್ಯಾಮೆರಾ ಅವಳ ಮೇಲೆ. ಒಮ್ಮೆ ಜಿಬಾನನ್ನು ನೋಡಿದಳು. ಅವನು ತಲೆ ತಗ್ಗಿಸಿದ್ದ. ಮೂಟೆ ಹೊತ್ತು ಬಲಿತ ಅವನ ಹೆಗಲು ಕುಸಿದು ಚಿಕ್ಕದಾಗಿತ್ತು.

“ವಿಲ್ಮರ್ ಸಾರ್” ಅಂದಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮಗಾಗಿ ನಮ್ಮ ಭಾಷೆಯಲ್ಲಿ. “ನಿಮಗೆ ತಂಗಿ ಇದ್ದಾಳಾ?”

ಅವನು ನಕ್ಕು, “ಇದ್ದಾಳೆ” ಅಂದ.

“ಅವಳನ್ನ ಇಲ್ಲಿ ನಿಲ್ಲಿಸಿ. ಅವಳ ಹೊಟ್ಟೆಯಿಂದ ಏನು ಬಂತು, ಹೇಗೆ ಬಂತು, ಯಾವ ಬಣ್ಣ ಇತ್ತು ಅಂತ ಅವಳ ಬಾಯಿಂದ ಹೇಳಿಸಿ. ನೀವು ಮುಂದೆ ಕೂತು ಕೇಳಿ. ಕ್ಯಾಮೆರಾ ನಿಮ್ಮ ಮುಖದ ಮೇಲಿರಲಿ. ನೀವು ಸರಿಯಾಗಿ ಅಳದಿದ್ರೆ ಇನ್ನೊಮ್ಮೆ ಹೇಳಿಸೋಣ. ನಿಮ್ಮದು ಮುಗಿದ ಮೇಲೆ ನನ್ನದು.”

ವಿಲ್ಮರನ ನಗು ಮುಖದ ಮೇಲೆ ಹಾಗೇ ನಿಂತಿತ್ತು, ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ.

“ಬಾಂಬು ಹಾಕಿದವರು ನಮ್ಮನ್ನ ಬತ್ತಲೆ ಮಾಡಿ ನಂಬರು ಕೊಟ್ಟು ನೋಡಿದ್ರು” ಅಂದಳು ಅವಳು. “ಬಾಂಬು ಬೇಡ ಅನ್ನೋರಾದರೂ ಬಟ್ಟೆ ಹೊದಿಸ್ತಾರೆ ಅಂದ್ಕೊಂಡಿದ್ದೆ. ನಾನು ಹೇಳಲ್ಲ.”

ಪಾಸ್ಟರ್ ಎದ್ದು, “ಹುಡುಗಿಗೆ ಬಿಸಿಲು ಹತ್ತಿದೆ” ಎಂದ. ಕಿಯೋತಕ್ ಕೋಲನ್ನು ನೆಲಕ್ಕೆ ಕುಟ್ಟಿದ. ಪಾಸ್ಟರ್ ಕೂತ. ಕಿಯೋತಕ್ ಎದ್ದ. ಗಂಡಸರೆಲ್ಲ ಎದ್ದರು. ಈ ಸಲ ಯಾರೂ ಬಗ್ಗಲಿಲ್ಲ. ವಿಲ್ಮರನ ಮೂಗಿನ ಮುಂದೆಯೇ ನೆಟ್ಟಗೆ ನಡೆದು ಹೋದರು. ಧಿಕ್ಕಾರ ಎಂದು ಮೊದಲು ತಪ್ಪಾಗಿ ತಿಳಿದಿದ್ದನಲ್ಲ, ಈಗ ಸರಿಯಾಗಿ ತಿಳಿದುಕೊಳ್ಳಲಿ. ನಾವು ಹೆಂಗಸರೂ ಹೊರಟೆವು. ಅಷ್ಟು ಜನಕ್ಕೆ ಮಾಡಿದ ಅನ್ನ, ಮೀನು ಎಲ್ಲ ನಾವೇ ತಿಂದೆವು. ಉಪ್ಪು ಕಡಿಮೆಯಾಗಿತ್ತು.

ಟಿಕೆಟ್ಟು ಹೋಯಿತು. ಇನ್ನೊಂದು ಕಡೆಯ ಹುಡುಗಿಯನ್ನು ಆರಿಸಿದರು. ದಕ್ಷಿಣದ ದ್ವೀಪದವಳು, ಬೂದಿ ಬೀಳದ ಕಡೆಯವಳು. ರೊಸಾನಿಯಾ ಮೊದಲೇ ಬರೆದುಕೊಟ್ಟಿದ್ದ ಭಾಷಣವನ್ನೇ ಅವಳು ಓದುತ್ತಾಳಂತೆ, ನನ್ನ ಕೂಸೂ ಅದರಲ್ಲಿ ಇದೆಯಂತೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿ ಅವರಲ್ಲಿಲ್ಲ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ಅಣ್ಣಂದಿರಿರುತ್ತಾರೆ.

ಬ್ರೆಂಡಾ, ವಿಲ್ಮರ್ ಎಲ್ಲ ವಿಮಾನ ಹತ್ತುವ ದಿನ ರೊಸಾನಿಯಾ ನನ್ನ ಜೊತೆ ತೊಟ್ಟಿಗಿಳಿದಿದ್ದಳು. ಯಂತ್ರ ಮತ್ತೆ ಕೆಟ್ಟಿತ್ತು. ಅವರ ಕೋಣೆಗಳ ಚಾದರವೆಲ್ಲ ನಮ್ಮ ಕಾಲಡಿ. ಹುಡುಗಿ ತುಳಿಯುತ್ತಿದ್ದಳು, ಹಾವನ್ನು ತುಳಿದ ಹಾಗೆ.

ಬ್ರೆಂಡಾ ಒಬ್ಬಳೇ ಬಂದಳು. ನಮ್ಮನ್ನು ಅಪ್ಪಿಕೊಳ್ಳಲಿಲ್ಲ. ಕಲ್ಲಿನ ಮೇಲೆ ಕೂತಳು. ಅವಳ ಕಣ್ಣೂ ಊದಿತ್ತು.

“ನಾನು ತಪ್ಪು ಮಾಡಿದೆ” ಅಂದಳು. “ಅವತ್ತು ಒಳಗಿದ್ದು ಕೇಳಬೇಕಿತ್ತು. ನಾನು ಹೊರಗೆ ಓಡಿದೆ.”

ರೊಸಾನಿಯಾ ತುಳಿಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಹಿತ್ತಲಲ್ಲಿ ಗಂಡಸರಿರಲಿಲ್ಲ.

“ಸರಿ, ಈಗ ಹೇಳ್ತೀನಿ” ಅಂದಳು. “ಬೂಬು ಪಕ್ಕ ಬಂದು ಕೂತ್ಕೊಳ್ಳಿ.”

ಬ್ರೆಂಡಾಳ ಮುಖ ಬೆಳಗಿತು. ಪಕ್ಕಕ್ಕೆ ಬಂದು ಕೂತಳು. ಚೀಲದಿಂದ ಫೋನು ತೆಗೆದು, ಗುಂಡಿ ಒತ್ತಿ, ತೊಟ್ಟಿಯ ಕಟ್ಟೆಯ ಮೇಲಿಟ್ಟಳು.

“ಅದನ್ನ ಒಳಗಿಡಿ” ಅಂದಳು ರೊಸಾನಿಯಾ.

“ಬರೀ ದನಿ. ಮುಖ ಇಲ್ಲ. ಇದರಿಂದ ನಾನು ವಿಲ್ಮರ್ ಹತ್ರ ಮಾತಾಡಬಹುದು, ಇನ್ನೂ ಸಮಯ ಇದೆ.”

“ಒಳಗಿಡಿ.”

“ರೆಕಾರ್ಡ್ ಇಲ್ಲದೆ ಕೇಳಿಕೊಂಡು ನಾನೇನು ಮಾಡಲಿ?”

ಅವಳು ಕೆಟ್ಟದ್ದಕ್ಕೆ ಕೇಳಲಿಲ್ಲ. ನಿಜವಾಗಿಯೂ ಅವಳಿಗೆ ತಿಳಿಯದೆ ಕೇಳಿದಳು.

“ಏನೂ ಮಾಡಬೇಡಿ” ಅಂದಳು ರೊಸಾನಿಯಾ. “ಕೇಳಿಸ್ಕೊಳ್ಳಿ.”

ಬ್ರೆಂಡಾ ಫೋನು ಕೈಗೆತ್ತಿಕೊಂಡಳು. ಮುಂದುಗಡೆ ಗಾಡಿಯವನು ಹಾರನ್ ಬಾರಿಸಿದ. ವಿಮಾನಕ್ಕೆ ಹೊತ್ತಾಗಿತ್ತು. ಅವಳು ಎದ್ದಳು. ಫೋನು ಚೀಲಕ್ಕೆ ಹಾಕಿಕೊಂಡು ನಡೆದಳು.

ಗಾಡಿಯ ಸದ್ದು ದೂರವಾದ ಮೇಲೆ ರೊಸಾನಿಯಾ ಒದ್ದೆ ಚಾದರದಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿಯ ಮೈಯೆಲ್ಲ ಕುಲುಕುತ್ತಿತ್ತು. ನ್ಯೂಯಾರ್ಕು, ಆ ದೊಡ್ಡ ಹಜಾರ, ಹೆಸರು ಹಿಡಿದು ಕೇಳುತ್ತೇನೆ ಅಂದ ಆ ಪ್ರಶ್ನೆ, ಎಲ್ಲ ಆ ವಿಮಾನದಲ್ಲಿ ಹೊರಟಿತ್ತು. ಅವಳ ಬೆನ್ನು ಸವರಬೇಕು ಅನ್ನಿಸಿತು. ಕೈ ತುಂಬ ಸೋಪು.

“ಅಳು” ಅಂದೆ. “ಅತ್ತುಬಿಡು. ಆದ್ರೆ ಬೇಗ ಅಳು ಮಗಾ, ಬಿಸಿಲು ಹೋಗ್ತಿದೆ. ಇನ್ನೂ ಅರ್ಧ ಹಿಂಡೋದಿದೆ.”